ಬಿ, ಸಿ ಸೆಂಟರ್ ಅಂದರೆ ಯಾರು ಸ್ವಾಮಿ?

ಶುಕ್ರವಾರ ಸಿನಿಮಾ ಬಿಡುಗಡೆ. ಸಂಜೆಯೊಳಗೆ ವಿಮರ್ಶೆ ಮೊಬೈಲಿಗೆ ಬಂದಿರುತ್ತೆ. ಕಥೆ, ಹೀರೋ, ಹಾಡು, ಕ್ಯಾಮೆರಾ ಎಲ್ಲ ಮುಗಿದ ಮೇಲೆ ಕೊನೇ ಪ್ಯಾರಾದಲ್ಲಿ ಒಂದು ಸಾಲು: ‘ಬಿ ಮತ್ತು ಸಿ ಸೆಂಟರ್ ಪ್ರೇಕ್ಷಕರಿಗೆ ಇಷ್ಟವಾಗಬಹುದು.’ ಸ್ವಲ್ಪ ಮರ್ಯಾದಸ್ಥರಾದರೆ ‘ಗ್ರಾಮೀಣ ಪ್ರೇಕ್ಷಕರಿಗೆ ಹೇಳಿ ಮಾಡಿಸಿದ ಚಿತ್ರ’ ಅಂತ ಬರೀತಾರೆ. ಅರ್ಥ ಒಂದೇ. ನಮಗೆ ಹಿಡಿಸಲಿಲ್ಲ, ತಲೆ ಓಡಿಸದವರಿಗೆ ಹಿಡಿಸಬಹುದು.

ಆ ತಲೆ ಓಡಿಸದವರು ನಾವು. ಕೋಲಾರ ಜಿಲ್ಲೆ, ಮುಳಬಾಗಿಲು ತಾಲೂಕು, ಕುರುಡುಮಲೆ ಸುತ್ತಮುತ್ತಲಿನವರು. ನಮಗೆ ಏನು ಇಷ್ಟ ಆಗುತ್ತೆ ಅಂತ ಬೆಂಗಳೂರಿನ ಮಾಲಿನಲ್ಲಿ ಕೂತು ಬರೆಯುವವರು ಯಾವತ್ತಾದರೂ ನಮ್ಮ ಪಕ್ಕದ ಸೀಟಲ್ಲಿ ಕೂತು ಸಿನಿಮಾ ನೋಡಿದ್ದಾರಾ? ಇಂಟರ್‌ವಲ್‌ನಲ್ಲಿ ಬೋಂಡಾ ತಿನ್ನುತ್ತಾ ‘ಹೇಗಿದೆ ಅಣ್ಣಾ’ ಅಂತ ಒಂದು ಮಾತು ಕೇಳಿದ್ದಾರಾ? ನಮಗಂತೂ ಅಂಥವರು ಒಬ್ಬರೂ ಸಿಕ್ಕಿಲ್ಲ.

ಈ ಎ, ಬಿ, ಸಿ ಎಲ್ಲಿಂದ ಬಂತು ನೋಡಿ. ಇದು ವಿತರಕರ ಲೆಕ್ಕದ ಪುಸ್ತಕದ ಮಾತು. ರೀಲಿನ ಕಾಲದಲ್ಲಿ ಒಂದೊಂದು ಪ್ರಿಂಟಿಗೂ ತುಂಬಾ ಖರ್ಚು. ಹಾಗಾಗಿ ಕೆಲವೇ ಪ್ರಿಂಟು ತೆಗೆಸಿ, ಹೆಚ್ಚು ದುಡ್ಡು ಬರುವ ದೊಡ್ಡ ಊರಿಗೆ ಮೊದಲು ಕೊಡ್ತಿದ್ದರು. ಬೆಂಗಳೂರಿನ ಕೆಂಪೇಗೌಡ ರಸ್ತೆಯಲ್ಲಿ ಓಡಿದ ಮೇಲೆ ಜಿಲ್ಲಾ ಕೇಂದ್ರ, ಆಮೇಲೆ ತಾಲೂಕು, ಕಡೆಗೆ ಹಳ್ಳಿ ಪಕ್ಕದ ಟೂರಿಂಗ್ ಟಾಕೀಸು. ನಮ್ಮ ಕಡೆ ಅದಕ್ಕೆ ಟೆಂಟು ಅಂತಲೇ ಹೆಸರು. ಅಲ್ಲಿಗೆ ಬರೋ ಹೊತ್ತಿಗೆ ರೀಲು ಸವೆದು, ಪರದೆ ಮೇಲೆ ಮಳೆ ಬಿದ್ದ ಹಾಗೆ ಗೆರೆ. ದುಡ್ಡು ಎಷ್ಟು ಬರುತ್ತೆ ಅನ್ನೋದರ ಮೇಲೆ ಊರುಗಳಿಗೆ ಕೊಟ್ಟ ಅಕ್ಷರ ಅದು. ವಿಮರ್ಶಕರು ಅದನ್ನೇ ಎತ್ತಿಕೊಂಡು ನಮ್ಮ ಬುದ್ಧಿಗೆ ಅಂಟಿಸಿಬಿಟ್ಟರು. ದುಡ್ಡು ಕಡಿಮೆ ಇರುವ ಊರಲ್ಲಿ ರುಚಿಯೂ ಕಡಿಮೆ ಅಂತ ಯಾರು ತೀರ್ಮಾನ ಮಾಡಿದರು?

ನಿಜ ಹೇಳಬೇಕಂದರೆ ಆಗ ನಮ್ಮ ಅಪ್ಪ ಅಮ್ಮಂದಿರಿಗೆ ವಿಮರ್ಶೆ ಓದುವ ಅಗತ್ಯವೇ ಇರಲಿಲ್ಲ. ಟೆಂಟಿಗೆ ಸಿನಿಮಾ ಬರುವಷ್ಟರಲ್ಲಿ ಬೆಂಗಳೂರಲ್ಲಿ ಕೂಲಿಗೆ ಹೋದವರು, ಬಸ್ ಕಂಡಕ್ಟರು, ಟೈಲರ್ ಅಂಗಡಿಯವರು ಎಲ್ಲ ಹೇಳಿಬಿಟ್ಟಿರೋರು. ‘ಮೊದಲರ್ಧ ಚೆನ್ನಾಗಿದೆ, ಆಮೇಲೆ ಬರೀ ಅಳು’ ಅಂದರೆ ಮುಗೀತು. ಸುಳ್ಳು ಹೇಳಿದ ಕಂಡಕ್ಟರು ಮಾರನೇ ದಿನ ಅದೇ ಬಸ್ಸಲ್ಲಿ ಅದೇ ಜನರ ಮುಖ ನೋಡಬೇಕಿತ್ತಲ್ಲ.

ಈಗ ರೀಲು ಡಬ್ಬಿ ಇಲ್ಲ. ಡಿಜಿಟಲ್ ಬಂದ ಮೇಲೆ ಬೆಂಗಳೂರಲ್ಲೂ ತಾಲೂಕಲ್ಲೂ ಒಂದೇ ದಿನ ಬಿಡುಗಡೆ. ಮೊದಲ ಮೂರು ದಿನದಲ್ಲೇ ದುಡ್ಡು ಎತ್ತಬೇಕು. ಹಾಗಾಗಿ ನಮಗೂ ಈಗ ವಿಮರ್ಶೆ ಬೇಕು, ಅದೂ ಅವತ್ತೇ ಬೇಕು. ಮನೆಯಲ್ಲಿ ನಾಲ್ಕು ಜನ ಇದ್ದರೆ ಟಿಕೆಟ್ಟು, ಬಸ್ಸು, ತಿಂಡಿ ಸೇರಿ ಐನೂರು ರೂಪಾಯಿ ದಾಟುತ್ತೆ (ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೂ ಅಷ್ಟೇ). ನಮ್ಮ ರಾಜ್ಯದಲ್ಲಿ 2025-26ರ ನರೇಗಾ ದಿನಗೂಲಿ 370 ರೂಪಾಯಿ. ಅಂದರೆ ಒಂದು ದಿನ ಪೂರ್ತಿ ಬದು ತೋಡಿದರೂ ಒಂದು ಸಿನಿಮಾ ನೋಡಕ್ಕೆ ಸಾಲಲ್ಲ. ಇದರ ಮೇಲೆ ಸಂಜೆ ಹಾಲು ಕರೆದು ಡೇರಿಗೆ ಹಾಕೋ ಹೊತ್ತು ತಪ್ಪುತ್ತೆ, ರಾತ್ರಿ ಆಟಕ್ಕೆ ಹೋದರೆ ಕೊನೇ ಬಸ್ಸು ತಪ್ಪುತ್ತೆ. ಇಷ್ಟೆಲ್ಲ ಲೆಕ್ಕ ಹಾಕಿ ಹೊರಡುವವರನ್ನು ‘ಏನು ತೋರಿಸಿದರೂ ಶಿಳ್ಳೆ ಹೊಡೆಯೋ ಜನ’ ಅಂತೀರಲ್ಲ.

ನಾವು ಕೆಲವರು ಬೇರೆ ಬೇರೆ ಕಡೆ ಸ್ಟ್ರಿಂಗರ್ ಆಗಿ ಕೆಲಸ ಮಾಡುವವರು. ಹಿಂದೆ ಒಂದು ಪತ್ರಿಕೆಗೆ ‘ತಾಲೂಕಿನ ಪ್ರೇಕ್ಷಕರು ಈ ಸಿನಿಮಾ ಬಗ್ಗೆ ಏನಂದರು’ ಅಂತ ಬರೆದು ಕಳಿಸಿದೆವು. ಉತ್ತರ ಬಂತು: ‘ಸಿನಿಮಾ ಡೆಸ್ಕ್‌ನವರು ನೋಡ್ಕೋತಾರೆ. ನೀವು ಆನೆ, ಆಕ್ಸಿಡೆಂಟು, ಟೊಮೆಟೊ ರೇಟು ಕಳಿಸಿ.’ ಕಳಿಸುತ್ತಲೇ ಇದ್ದೀವಿ. ಆನೆಗೂ ಟೊಮೆಟೊಗೂ ಇರುವ ಬೆಲೆ ನಮ್ಮ ಅಭಿಪ್ರಾಯಕ್ಕೆ ಇಲ್ಲ ಅಂತ ಅವತ್ತು ಗೊತ್ತಾಯಿತು.

ವಿಮರ್ಶೆ ಅಂದರೆ ಏನು ಅಂತ ಹೇಳಿಕೊಡುವ ಕಥೆ ನಮ್ಮೂರ ದೇವಸ್ಥಾನದಲ್ಲೇ ಇದೆ. ಕುರುಡುಮಲೆಗೆ ಬರುವವರು ಮೊದಲು ಗಣಪನ್ನ ನೋಡ್ತಾರೆ. ಹದಿಮೂರೂವರೆ ಅಡಿಯ ಏಕಶಿಲೆ. ಚುನಾವಣೆ ಬಂದರೆ ರಾಜಕಾರಣಿಗಳ ಪ್ರಚಾರದ ಮೊದಲ ಪೂಜೆಯೂ ಇಲ್ಲೇ. ಪಕ್ಕದ ಸೋಮೇಶ್ವರ ದೇವಸ್ಥಾನದ ಒಳಗೆ ಹೋಗುವವರು ಕಡಿಮೆ. ಅದರ ಅರ್ಧ ಜಕಣಾಚಾರಿ ಕಟ್ಟಿದ್ದು, ಇನ್ನರ್ಧ ಮಗ ಡಂಕಣಾಚಾರಿ ಕಟ್ಟಿದ್ದು ಅಂತ ಊರಿನ ಹಿರಿಯರು ಹೇಳ್ತಾರೆ. ಇತಿಹಾಸ ಅಲ್ಲ, ಬಾಯಿಂದ ಬಾಯಿಗೆ ಬಂದ ಮಾತು. ಈ ಜಕಣಾಚಾರಿಯ ಕಥೆಯನ್ನೇ ಬಿ.ಎಸ್. ರಂಗಾ 1964ರಲ್ಲಿ ‘ಅಮರಶಿಲ್ಪಿ ಜಕಣಾಚಾರಿ’ ಅಂತ ಸಿನಿಮಾ ಮಾಡಿದರು. ಕಲ್ಯಾಣ್ ಕುಮಾರ್, ಬಿ. ಸರೋಜಾದೇವಿ ಇದ್ದರು. ಕನ್ನಡದ ಮೊದಲ ಪೂರ್ಣ ಬಣ್ಣದ ಸಿನಿಮಾ ಅದು.

ಕಥೆ ನಿಮಗೆ ಗೊತ್ತು. ಬೇಲೂರಲ್ಲಿ ವಿಗ್ರಹ ಸಿದ್ಧ ಆಗಿದೆ. ಎಲ್ಲಿಂದಲೋ ಬಂದ ಹುಡುಗ ‘ಈ ಕಲ್ಲಲ್ಲಿ ದೋಷ ಇದೆ’ ಅಂತಾನೆ. ಜಕಣಾಚಾರಿಗೆ ಸಿಟ್ಟು. ದೋಷ ತೋರಿಸಿದರೆ ಬಲಗೈ ಕತ್ತರಿಸಿಕೊಳ್ತೀನಿ ಅಂತ ಪಂಥ ಕಟ್ಟುತ್ತಾನೆ. ಹುಡುಗ ಜಗಳ ಆಡಲಿಲ್ಲ. ವಿಗ್ರಹಕ್ಕೆಲ್ಲ ಗಂಧ ಹಚ್ಚಿದ. ಎಲ್ಲ ಕಡೆ ಒಣಗಿತು, ಹೊಕ್ಕುಳ ಹತ್ತಿರ ಒಣಗಲಿಲ್ಲ. ಅಲ್ಲಿ ಉಳಿ ಇಟ್ಟರೆ ಒಳಗಿಂದ ನೀರು, ಕಪ್ಪೆ.

ಆ ಹುಡುಗ ಐದಕ್ಕೆ ಎರಡೂವರೆ ಸ್ಟಾರ್ ಕೊಡಲಿಲ್ಲ. ‘ಶಿಲ್ಪಿ ಇನ್ನೂ ಸ್ವಲ್ಪ ಶ್ರಮ ವಹಿಸಬಹುದಿತ್ತು’ ಅನ್ನಲಿಲ್ಲ. ‘ಸಿ ಸೆಂಟರ್ ಭಕ್ತರಿಗೆ ಓಕೆ’ ಅಂತಲೂ ಅನ್ನಲಿಲ್ಲ. ಇಲ್ಲಿ ಒದ್ದೆ ಇದೆ ನೋಡಿ ಅಂತ ಎಲ್ಲರ ಮುಂದೆ ಬೆರಳಿಟ್ಟು ತೋರಿಸಿದ. ನಾವು ವಿಮರ್ಶೆ ಅಂತ ಕೇಳ್ತಾ ಇರೋದು ಇಷ್ಟನ್ನೇ.

ಹಾಗೆ ತೋರಿಸಬೇಕಾಗಿದ್ದಾಗ ಯಾರೂ ತೋರಿಸದ ಸಿನಿಮಾ ನಮ್ಮ ಜಿಲ್ಲೆಯದ್ದೇ ಇದೆ. ‘ಕೆಜಿಎಫ್’ ಮೊದಲ ಭಾಗ 2018ರ ಡಿಸೆಂಬರ್ 21ಕ್ಕೆ ಬಂತು, ಎರಡನೇದು 2022ರ ಏಪ್ರಿಲ್ 14ಕ್ಕೆ. ನಾವೂ ನೋಡಿದೆವು, ನಾವೂ ಶಿಳ್ಳೆ ಹೊಡೆದೆವು, ಅದರಲ್ಲಿ ಮುಚ್ಚಿಡೋದು ಏನಿಲ್ಲ. ಅಂಥ ಸಿನಿಮಾ ಕಟ್ಟೋದಕ್ಕೂ ಕಸುಬು ಬೇಕು. ಕಥೆ ಕಲ್ಪನೆ ಅಂತ ಅವರೇ ಹೇಳಿದ್ದಾರೆ, ಆ ಹಕ್ಕು ಅವರಿಗಿದೆ. ನಮ್ಮ ತಕರಾರು ಸಿನಿಮಾ ಮಾಡಿದವರ ಮೇಲಲ್ಲ, ವಿಮರ್ಶೆ ಬರೆದವರ ಮೇಲೆ. ನಾವು ಓದಿದ ವಿಮರ್ಶೆಗಳಲ್ಲೆಲ್ಲ ಎಂಟ್ರಿ ಸೀನು, ಎಡಿಟಿಂಗು, ಡೈಲಾಗು, ಕಲೆಕ್ಷನ್ನು. ಕೆಜಿಎಫ್ ಅನ್ನೋದು ಜನ ಇರುವ ಊರು ಅಂತ ನೆನಪು ಮಾಡಿಕೊಂಡಿದ್ದು ಒಂದರಲ್ಲೂ ನಮಗೆ ಕಾಣಲಿಲ್ಲ.

ನಿಜವಾದ ಕೆಜಿಎಫ್‌ನಲ್ಲಿ ಜಾನ್ ಟೇಲರ್ ಕಂಪನಿ 1880ರಲ್ಲಿ ಗಣಿ ಕೆಲಸ ಹಿಡಿಯಿತು. ಶಿವನಸಮುದ್ರದ ಕರೆಂಟು 1902ರಲ್ಲೇ ಅಲ್ಲಿಗೆ ಬಂತು. ಆಗ ನಮ್ಮ ಹಳ್ಳಿಗಳಲ್ಲಿ ಸೀಮೆಎಣ್ಣೆ ದೀಪ. ನೆಲದಡಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ಅದಿರು ಒಡೆದವರಲ್ಲಿ ಹೆಚ್ಚಿನವರು ತಮಿಳು, ತೆಲುಗು ಮಾತಾಡುವ ದಲಿತರು. ಕಲ್ಲಿನ ದೂಳು ಕುಡಿದು ಸಿಲಿಕೋಸಿಸ್ ಬಂದು ಎದೆ ಹಿಡಿದು ಸತ್ತವರು ಎಷ್ಟೋ ಜನ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಉಳಿದಿದ್ದು ಸೈನೈಡ್ ದಿಬ್ಬಗಳು. ಗಾಳಿ ಬೀಸಿದರೆ ಅದರ ದೂಳು ಇವತ್ತೂ ಮನೆಯೊಳಗೆ ಬರುತ್ತೆ. ಸಿನಿಮಾದ ಸೆಟ್ಟು ಹಾಕಿದ್ದೂ ಅಲ್ಲೇ.

ಗಣಿಯಲ್ಲಿ ದುಡಿದು ಕೆಲಸ ಕಳಕೊಂಡ ಹಿರಿಯರೊಬ್ಬರನ್ನು ನಾವು ಕೇಳಿದೆವು, ಸಿನಿಮಾ ಹೇಗಿತ್ತು ಅಂತ. ‘ಚೆನ್ನಾಗಿ ತೆಗ್ದವ್ರೆ. ಆದ್ರೆ ಚಿನ್ನದ ಗಣೀಲಿ ಅಷ್ಟೊಂದು ಮಸಿ ಎಲ್ಲಿಂದ ಬಂತಪ್ಪಾ? ಅದು ಕಲ್ಲಿದ್ದಲು ಗಣಿನಾ?’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ನಮ್ಗೆ ಯಾರೂ ಬಿಡಿಸಕ್ಕೆ ಬರಲಿಲ್ಲ. ನಮ್ದು ಯೂನಿಯನ್ ಇತ್ತು, ನಾವೇ ಜಗಳ ಮಾಡಿ ಕೇಳ್ತಿದ್ವಿ’ ಅಂದರು. ಗಂಧ ಒಣಗದ ಜಾಗ ಎರಡು ಮಾತಲ್ಲಿ ತೋರಿಸಿಬಿಟ್ಟರು. ಮೊದಲನೆಯದು ಬಣ್ಣದ ತಪ್ಪು, ಅದು ಹೋಗಲಿ. ಎರಡನೆಯದು ದೊಡ್ಡದು. ಸಂಘಟನೆ ಕಟ್ಟಿ, ಮುಷ್ಕರ ಮಾಡಿ ಬದುಕಿದವರನ್ನ ತೆರೆ ಮೇಲೆ ಹೊರಗಿಂದ ಬರುವ ಹೀರೋಗೆ ಕಾಯುತ್ತಾ ಕೂತ ಗುಲಾಮರನ್ನಾಗಿ ಮಾಡಿದರೆ ಅದನ್ನು ಒಬ್ಬ ವಿಮರ್ಶಕ ಕೇಳಬೇಕಲ್ಲವಾ?

ಆಮೇಲೆ 2024ರ ಆಗಸ್ಟ್ 15ಕ್ಕೆ ಪಾ. ರಂಜಿತ್ ಅವರ ‘ತಂಗಲಾನ್’ ಬಂತು. ಅದೂ ಕಲ್ಪನೆಯೇ, ಮಾಟ ಮಂತ್ರ ಎಲ್ಲ ಇದೆ, ಕೆಲವು ಕಡೆ ಎಳೆದಿದ್ದಾರೆ. ಆದರೆ ಆ ಚಿನ್ನಕ್ಕೆ ಕೈ ಹಾಕಿದ ಜನ ಯಾವ ಜಾತಿಯವರು, ಯಾಕೆ ಊರು ಬಿಟ್ಟು ಬಂದರು ಅಂತ ಕೇಳಿತು. ನಮ್ಮ ಜಿಲ್ಲೆಯ ನೆಲದ ಪ್ರಶ್ನೆ ಕೇಳೋಕೆ ತಮಿಳು ಸಿನಿಮಾ ಬರಬೇಕಾಯಿತು.

ಭಾಷೆ ಮಾತು ಬಂತಲ್ಲ, ಅದನ್ನೂ ಮುಗಿಸಿಬಿಡೋಣ. ಕೋಲಾರದವರು ತೆಲುಗು ಸಿನಿಮಾ ನೋಡ್ತಾರೆ ಅಂತ ನಮ್ಮನ್ನು ಆಗಾಗ ಬೈತಾರೆ. ಹೌದು, ನೋಡ್ತೀವಿ. ಗಡಿ ಕೂಗಳತೆ ದೂರ. ಅರ್ಧ ಮನೆಗಳಲ್ಲಿ ಅಜ್ಜಿ ತೆಲುಗು ಮಾತಾಡ್ತಾಳೆ, ಮೊಮ್ಮಗಳು ಕನ್ನಡ ಶಾಲೆಗೆ ಹೋಗ್ತಾಳೆ. ಟೆಂಟಲ್ಲಿ ಕನ್ನಡ ಸಿನಿಮಾ ಶುರುವಾಗೋ ಮುಂಚೆ ಮೈಕಲ್ಲಿ ಹಾಕುತ್ತಿದ್ದ ವೆಂಕಟೇಶನ ಹಾಡು ಘಂಟಸಾಲ ಹಾಡಿದ ತೆಲುಗು ಹಾಡೇ, ಅದಕ್ಕೆ ಯಾರೂ ಮುನಿಸಿಕೊಳ್ಳಲಿಲ್ಲ. ದಶಕಗಟ್ಟಲೆ ಕನ್ನಡಕ್ಕೆ ಡಬ್ಬಿಂಗ್ ಆಗದಂತೆ ತಡೆದವರು ನಾವಲ್ಲ. ಅದನ್ನು ತಪ್ಪು ಅಂತ ಸ್ಪರ್ಧಾ ಆಯೋಗ ಹೇಳಿದ್ದು 2015ರಲ್ಲಿ. ಅಲ್ಲಿವರೆಗೂ ತೆಲುಗು ಸಿನಿಮಾನ ತೆಲುಗಲ್ಲೇ ನೋಡದೆ ಬೇರೆ ಯಾವ ಭಾಷೆಯಲ್ಲಿ ನೋಡಬೇಕಿತ್ತು? ಎರಡು ಭಾಷೆಯ ಸಿನಿಮಾ ನೋಡಿದವರಿಗೆ ಹೋಲಿಸಿ ನೋಡುವ ಕಣ್ಣೂ ಇರುತ್ತೆ. ಯಾವ ಸೀನು ಎಲ್ಲಿಂದ ಎತ್ತಿದ್ದು ಅಂತ ನಮ್ಮ ಹುಡುಗರು ಟೀಸರ್ ನೋಡಿಯೇ ಹೇಳ್ತಾರೆ.

ಈ ಎರಡು ಭಾಷೆಯ ನಂಟಿಂದಲೇ ಬೆಳೆದ ನಟಿ ನಮ್ಮ ಮುಳಬಾಗಿಲಿನ ಸೌಂದರ್ಯ. ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ದೊಡ್ಡ ಹೆಸರಾದರು. 2004ರ ಏಪ್ರಿಲ್ 17ಕ್ಕೆ ಬೆಂಗಳೂರಲ್ಲಿ ವಿಮಾನ ಬಿದ್ದು ತೀರಿಕೊಂಡರು. ಪ್ರತಿ ವರ್ಷ ಆ ದಿನ ಅವರ ಫೋಟೋ ಸ್ಟೇಟಸ್ಸಲ್ಲಿ ಓಡಾಡುತ್ತೆ. ‘ಎಂಥ ಅಂದ, ಎಂಥ ನಗು.’ ಅವರೇ ದುಡ್ಡು ಹಾಕಿ ನಿರ್ಮಿಸಿದ ‘ದ್ವೀಪ’ ಸಿನಿಮಾನ ನಮ್ಮ ತಾಲೂಕಲ್ಲಿ ಎಷ್ಟು ಜನ ನೋಡಿದ್ದಾರೆ? ನಾವು ಮುಳಬಾಗಿಲು ಬಸ್ ಸ್ಟ್ಯಾಂಡಲ್ಲಿ ಹತ್ತಾರು ಜನರನ್ನ ಕೇಳಿದೆವು. ಒಬ್ಬರು ‘ಹೆಸರು ಕೇಳಿದ್ದೀನಿ’ ಅಂದರು, ಅಷ್ಟೇ.

ನಾ. ಡಿಸೋಜ ಅವರ ಕಾದಂಬರಿ, ಗಿರೀಶ್ ಕಾಸರವಳ್ಳಿ ನಿರ್ದೇಶನ, 2002ರ ಸಿನಿಮಾ. ದೇಶದ ಅತ್ಯುತ್ತಮ ಚಿತ್ರ ಅಂತ ಸ್ವರ್ಣ ಕಮಲ ಬಂತು. ಮಲೆನಾಡಲ್ಲಿ ಅಣೆಕಟ್ಟಿನ ನೀರು ಏರಿ ಏರಿ ಊರು ದ್ವೀಪ ಆಗುತ್ತೆ. ಎಲ್ಲರೂ ಪರಿಹಾರ ತಗೊಂಡು ಹೋದರೂ ಒಂದು ಕುಟುಂಬ ಉಳಿಯುತ್ತೆ. ಸಾವಿರದೈನೂರು ಅಡಿ ಬೋರು ಕೊರೆದರೂ ನೀರು ಸಿಗದ ಸೀಮೆಯ ಹೆಣ್ಣುಮಗಳು, ನೀರಲ್ಲಿ ಮುಳುಗುವ ಊರಿನ ಕಥೆಗೆ ದುಡ್ಡು ಹಾಕಿದರು. ಈ ಮಾತನ್ನ ಬರೆಯೋಕೆ ಇಷ್ಟು ವರ್ಷದಲ್ಲಿ ಯಾವ ವಿಮರ್ಶಕರಿಗೂ ಹೊಳೆದದ್ದು ನಮ್ಮ ಕಣ್ಣಿಗೆ ಬಿದ್ದಿಲ್ಲ. ಅದಕ್ಕೆ ಅಂಟಿಸಿದ ಹಣೆಪಟ್ಟಿ ‘ಕಲಾತ್ಮಕ ಚಿತ್ರ’. ಹಾಗಂದರೆ ಹಳ್ಳಿಯವರಿಗಲ್ಲ ಅಂತ. ಹಳ್ಳಿ ಮೇಲೆ ತೆಗೆದ ಸಿನಿಮಾ ಹಳ್ಳಿಯವರಿಗಲ್ಲ!

ನಾವು ಅದನ್ನ ಸಂಬಂಧಿಕರ ಮನೆಯೊಂದರಲ್ಲಿ ನಾಲ್ಕೈದು ಹೆಂಗಸರ ಜೊತೆ ಕೂತು ನೋಡಿದೆವು. ರೇಷ್ಮೆ ಹುಳುವಿಗೆ ಸೊಪ್ಪು ಹಾಕೋದರ ಮಧ್ಯೆ ಎದ್ದು ಎದ್ದು ಹೋಗ್ತಿದ್ದರು, ಆದರೂ ವಾಪಸ್ ಬಂದು ‘ಏನಾಯ್ತು’ ಅಂತ ಕೇಳ್ತಿದ್ದರು. ಸಿನಿಮಾದ ಕೊನೆಯಲ್ಲಿ ಮಳೆ ನೀರಿನ ಮಧ್ಯೆ ಮನೆಯನ್ನು ಉಳಿಸಿಕೊಳ್ಳೋದು ಸೌಂದರ್ಯ ಮಾಡಿದ ನಾಗಿ. ಗಂಡ ಗಣಪನ ಬಾಯಲ್ಲಿ ಅವಳ ಹೆಸರು ಬರಲ್ಲ, ಎಲ್ಲ ದೇವರ ದಯೆ. ಅಲ್ಲಿದ್ದ ಅಕ್ಕನೊಬ್ಬಳು ಹೇಳಿದ ಮಾತು ಹೀಗಿತ್ತು: ‘ನೋಡ್ದಾ, ಕಷ್ಟ ಪಟ್ಟಿದ್ದು ಇವ್ಳು, ಹೆಸ್ರು ದೇವ್ರಿಗೆ. ನಮ್ಮನೇಲೂ ಹಸ ಕಟ್ಟೋದು, ಹಾಲು ಕರೆಯೋದು, ಡೇರಿಗೆ ಹಾಕೋದು ನಾನು. ಪಾಸ್‌ಬುಕ್ಕು ಮಾತ್ರ ಅವ್ರ ಹೆಸ್ರಲ್ಲಿ.’

ಇದು ಸಿ ಸೆಂಟರ್ ವಿಮರ್ಶೆ. ಯಾವ ಎ ಸೆಂಟರಿನವರು ಇದಕ್ಕಿಂತ ಚೆನ್ನಾಗಿ ಬರೆದಿದ್ದಾರೋ ತೋರಿಸಿ.

‘ಅದೆಲ್ಲ ಸರಿ, ನಿಮ್ಮ ಹಳ್ಳಿಗಳಲ್ಲಿ ಓಡೋದು ಫೈಟು, ಐಟಂ ಸಾಂಗೇ ಅಲ್ಲವಾ’ ಅಂತ ಕೇಳಬಹುದು. ಓಡುತ್ತೆ. ಬೆಂಗಳೂರಲ್ಲೂ ಓಡುತ್ತೆ. ಆದರೆ ಪಟ್ಟಣದಿಂದ ಊರಿಗೆ ಬಂದು ಬೇಸಾಯಕ್ಕೆ ಇಳಿಯುವವನ ಕಥೆ ‘ಬಂಗಾರದ ಮನುಷ್ಯ’ 1972ರಲ್ಲಿ ಬಂದು ಇವತ್ತಿಗೂ ನಮ್ಮ ಮನೆಗಳಲ್ಲಿ ಮಾತಾಗಿ ಉಳಿದಿದೆ. ಮಂಡ್ಯದ ಹಳ್ಳಿಯವರನ್ನೇ ಹಾಕಿಕೊಂಡು ಮಾಡಿದ ‘ತಿಥಿ’ಯ ಗಡ್ಡಪ್ಪನನ್ನ ನಮ್ಮ ಹುಡುಗರು ಹೀರೋ ಥರ ಅನುಕರಣೆ ಮಾಡಿದರು. ಅದು 2015ರಲ್ಲಿ ಲೊಕಾರ್ನೊದಲ್ಲಿ ಪ್ರಶಸ್ತಿ ಗೆದ್ದ ಸಿನಿಮಾ ಅಂತ ಅವರಿಗೆ ಗೊತ್ತಿರಲಿಲ್ಲ, ಗೊತ್ತಾಗಬೇಕಾಗಿಯೂ ಇರಲಿಲ್ಲ. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ ‘ಶಿವಮ್ಮ’ 2022ರಲ್ಲಿ ಬುಸಾನ್‌ವರೆಗೆ ಹೋಗಿ ಗೆದ್ದು ಬಂತು. ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸು ಚೈನ್ ಮಾರ್ಕೆಟಿಂಗ್ ನಂಬಿ ಶಕ್ತಿ ಪಾನೀಯದ ವ್ಯಾಪಾರಕ್ಕೆ ಇಳಿಯೋದು ಕಥೆ. ನಮ್ಮ ಯಾವ ಪಂಚಾಯಿತಿಯಲ್ಲಿ ಆ ವ್ಯಾಪಾರ ನಡೆದಿಲ್ಲ ಹೇಳಿ? ನಾವು ಬೇಡ ಅಂದ ಸಿನಿಮಾಗಳಲ್ಲ ಇವು. ನಮ್ಮ ತನಕ ಯಾರೂ ತರದ ಸಿನಿಮಾಗಳು.

ನಮ್ಮವರಿಗೂ ಒಂದು ಮಾತು ಹೇಳಬೇಕು. ಹೀರೋ ಬಗ್ಗೆ ಒಂದು ಸಣ್ಣ ತಕರಾರು ಬರೆದರೆ ಸಾಕು, ಅಭಿಮಾನಿ ಸಂಘದ ಹುಡುಗರು ಮೊದಲು ಕೇಳೋದು ಬರೆದವರ ಜಾತಿ ಯಾವುದು, ಯಾವ ಹೀರೋ ಕಡೆಯವರು ಅಂತ. ಕಟೌಟಿಗೆ ಹಾಲು ಸುರಿಯುವ ಕೈ ಲೀಟರ್ ಹಾಲಿಗೆ ಡೇರಿಯಲ್ಲಿ ಎಷ್ಟು ಸಿಗುತ್ತೆ ಅಂತ ಗೊತ್ತಿರುವ ಕೈಯೇ. ಅಭಿಮಾನ ಇರಲಿ. ದುಡ್ಡು ಕೊಟ್ಟು ನೋಡಿದವರು ಚೆನ್ನಾಗಿಲ್ಲ ಅಂದರೆ ಹೊಡೆಯೋಕೆ ಬರೋದು ಅಭಿಮಾನ ಅಲ್ಲ. ಥಿಯೇಟರ್ ಗೇಟಲ್ಲಿ ಮೈಕು ಹಿಡಿದವರ ಮುಂದೆ ‘ಬೆಂಕಿ, ಬ್ಲಾಕ್‌ಬಸ್ಟರ್’ ಅಂತ ಕಿರುಚೋರೂ ಇವರೇ. ಅದನ್ನು ನೋಡಿಯೇ ಬೆಂಗಳೂರಿನವರು ನಮ್ಮನ್ನ ಅಳೆಯೋದು.

ನಿರ್ಮಾಪಕರಿಗೂ ವಿಮರ್ಶೆ ಅಂದರೆ ಮೈ ಉರಿ. ತಮಿಳಿನ ನಿರ್ಮಾಪಕರು 2024ರಲ್ಲಿ, ಬಿಡುಗಡೆ ಆದ ಮೊದಲ ಮೂರು ದಿನ ವಿಮರ್ಶೆ ಬರಬಾರದು ಅಂತ ಮದ್ರಾಸ್ ಹೈಕೋರ್ಟಿಗೆ ಹೋಗಿದ್ದರು. ಕೋರ್ಟು ಅಂಥ ತಡೆ ಕೊಡಲಿಲ್ಲ. ಒಳ್ಳೇದಾಯಿತು. ದುಡ್ಡು ತಗೊಂಡು ಹೊಗಳುವವರು, ದುಡ್ಡು ತಗೊಂಡು ತೆಗಳುವವರು ಇದ್ದಾರೆ ಅನ್ನೋ ಅವರ ಸಂಕಟ ನಮಗೆ ಅರ್ಥ ಆಗುತ್ತೆ. ಆದರೆ ಆ ಮೂರು ದಿನದಲ್ಲೇ ಅಲ್ಲವಾ ನಮ್ಮ ಕೂಲಿ ದುಡ್ಡು ಖರ್ಚಾಗೋದು? ಟೊಮೆಟೊ ಬಾಕ್ಸಿನ ಮೇಲೆ ಒಳ್ಳೇದಿಟ್ಟು ಕೆಳಗೆ ಕೊಳೆತದ್ದಿಟ್ಟರೆ ಮಂಡಿಯಲ್ಲಿ ಸುರಿದು ನೋಡ್ತಾರೆ. ಮೂರು ದಿನ ಆದಮೇಲೆ ಸುರೀರಿ ಅಂತ ಯಾವ ರೈತನೂ ಕೇಳಿಲ್ಲ.

ವಿಮರ್ಶೆ ಬರೆಯುವವರಿಗೆ ನಮ್ಮದು ಎರಡೇ ಕೋರಿಕೆ. ಒಂದು, ನಿಮಗೆ ಸಿನಿಮಾ ಹಿಡಿಸಲಿಲ್ಲ ಅಂದರೆ ಹಿಡಿಸಲಿಲ್ಲ ಅಂತ ಬರೀರಿ, ನಮ್ಮ ಹೆಸರು ಎಳೀಬೇಡಿ. ಎರಡು, ಹಳ್ಳಿ ತೋರಿಸಿದ ಸಿನಿಮಾ ಬಂದಾಗ ‘ಹಳ್ಳಿ ಸೊಗಡು’ ಅಂತ ಬರೆಯುವ ಮುಂಚೆ ಅದು ಯಾವ ಹಳ್ಳಿ, ಆ ಮನೆಯ ನೀರು ಎಲ್ಲಿಂದ ಬರುತ್ತೆ, ಆ ಗದ್ದೆ ಯಾರದ್ದು, ಅದರಲ್ಲಿ ಕೂಲಿ ಮಾಡೋರು ಯಾರು ಅಂತ ನೋಡಿ. ಗೊತ್ತಾಗದಿದ್ದರೆ ಬನ್ನಿ. ಬೆಂಗಳೂರಿಂದ ಮುಳಬಾಗಿಲಿಗೆ ಬಸ್ಸು ಬೇಕಾದಷ್ಟಿದೆ.

ನಮ್ಮ ಊರುಗಳ ಹುಡುಗರಿಗೆ ಕೋರಿಕೆ ಒಂದೇ. ಗಣೇಶನ ಹಬ್ಬಕ್ಕೆ ಚಂದಾ ಎತ್ತಿ ಆರ್ಕೆಸ್ಟ್ರಾ ಮಾಡಿಸ್ತೀರಿ, ಒಂದು ರಾತ್ರಿ ಪರದೆ ಕಟ್ಟಿ ಸಿನಿಮಾನೂ ಹಾಕ್ತೀರಿ. ಈ ಸಲ ಹಕ್ಕು ಇರೋರ ಹತ್ತಿರ ಮುಂಚೆಯೇ ಒಪ್ಪಿಗೆ ತಗೊಂಡು ‘ದ್ವೀಪ’ ಹಾಕಿ. ಎಂಟು ಗಂಟೆ ಮೇಲೆ ಶುರು ಮಾಡಿ, ಅಷ್ಟೊತ್ತಿಗೆ ಡೇರಿಗೆ ಹಾಲು ಹಾಕಿ, ಮುದ್ದೆ ಮುಗಿಸಿ ಹೆಂಗಸರೂ ಬರ್ತಾರೆ. ಮುಂದಿನ ಸಾಲಿನ ಕುರ್ಚಿಯನ್ನ ಮೆಂಬರ್‌ಗಳಿಗೆ ಬಿಡದೆ ಅವರಿಗೆ ಹಾಕಿ. ಸಿನಿಮಾ ಮುಗಿದ ತಕ್ಷಣ ಮೈಕು ಆಫ್ ಮಾಡಬೇಡಿ.